ತೊಂಬತ್ತಾರು ಗುಲಗಂಜಿ

ಬಂಗಾರದ ಕಾನೂನು ಬಂದ ವರ್ಷ
ನನ್ನ ಕುಲುಮೆಯಲ್ಲಿ ಬೆಕ್ಕು ಮರಿ ಹಾಕಿತು.
ತಕ್ಕಡಿಯ ಪೆಟ್ಟಿಗೆ ಬಗಲಿಗಿಟ್ಟುಕೊಂಡು
ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ
ಜಮಾಲುದ್ದೀನ್ ಸಾಬರ ಕೋವಿ ಅಂಗಡಿಯ ಮೆಟ್ಟಿಲು ಹತ್ತಿದೆ.
"ಆಚಾರಿ, ತೂಕ ಬರುತ್ತಾ?"
ಬರೋದು ಅದೊಂದೇ, ಅಂದೆ.

ಅವರದು ಗ್ರೇನು, ನನ್ನದು ಗುಲಗಂಜಿ.
ಮೊದಲ ದಿನವೇ ತೋಟಾದಿಂದ ಗುಂಡೊಂದನ್ನು ಕಿತ್ತು ತೂಗಿದೆ:
ನೂರ ಎಂಬತ್ತು ಗ್ರೇನು,
ತೊಂಬತ್ತಾರು ಗುಲಗಂಜಿ,
ಹೆಚ್ಚಿಲ್ಲ ಕಮ್ಮಿಯಿಲ್ಲ, ಒಂದು ತೊಲ.
ಬಡವರ ಮನೆಯ ಮದುವೆಗೆ
ತಾಳಿ ಓಲೆ ಎಲ್ಲ ಸೇರಿ ಅಷ್ಟಾಗುತ್ತಿತ್ತು.
ನಾನು ನಕ್ಕೆ. ಸಾಬರು ನಗಲಿಲ್ಲ.

ಬಂದವರು ಮೊದಲು ಬೆಲೆ ಕೇಳುವರು.
ಸಾಬರು ಮೊದಲು ದೂರ ಕೇಳುವರು,
ಆಮೇಲೆ ಪ್ರಾಣಿ ಯಾವುದೆಂದು,
ಆಮೇಲೆ, ಅಲ್ಲಿ ಸಂಜೆ ಗಾಳಿ ಯಾವ ಕಡೆಯದೆಂದು.

ಕಾಫಿ ಕುಯ್ಲು ಮುಗಿಸಿ ಉದ್ದೇಗೌಡರು ಬಂದರು,
ಲೈಸೆನ್ಸು ಪರ್ಮಿಟ್ಟು ಎಲ್ಲ ಜೇಬಿನಲ್ಲಿ.
"ಕಾಟಿ, ಸಾಬರೆ. ಗಿರಿಯ ಹುಲ್ಲಿನಲ್ಲಿ.
ಈ ಬೋರೆಯಿಂದ ಆ ಬೋರೆಗೆ, ಮುನ್ನೂರು ಗಜ, ನಡುವೆ ಕಣಿವೆ."

ಗಾಜಿನ ಮೇಲೆ ಎರಡು ತೋಟಾ ನಿಲ್ಲಿಸಿದರು ಸಾಬರು.
"ಇದು ಮೆತ್ತನೆ ಮೂತಿಯದು. ಹಗುರ, ಚುರುಕು.
ಹೊಕ್ಕ ಕೂಡಲೇ ಬಿರಿಯುತ್ತೆ. ಕಡವೆಗೆ ಸರಿ.
ಇದು ಗಟ್ಟಿ ಮೂತಿ, ಇನ್ನೂರ ಇಪ್ಪತ್ತು ಗ್ರೇನು.
ಅಷ್ಟು ದೂರಕ್ಕೆ ಒಂದು ಮೊಳ ಜಗ್ಗುತ್ತೆ,
ಅಷ್ಟು ಮೇಲೆ ಹಿಡೀಬೇಕು. ಆದರೆ ಮೂಳೆಗೆ ಹೆದರಲ್ಲ.
ದೂರ ಹೋಗೋದು ಬೇರೆ ಗೌಡ್ರೆ,
ಹೋದ ಮೇಲೆ ಏನಾದ್ರೂ ಉಳಿದಿರೋದು ಬೇರೆ."
ಸ್ವಲ್ಪ ತಡೆದು, "ನೂರು ಗಜಕ್ಕೆ ತೆವಳಿ. ಆಗದಿದ್ದರೆ ಬಿಟ್ಟುಬಿಡಿ."

ಈ ವಯಸ್ಸಿನಲ್ಲಿ ತೆವಳೋದೇ, ಎಂದು ಗೌಡರು
ಹಗುರದ್ದನ್ನೇ ಒಂದು ಪೆಟ್ಟಿಗೆ ಕಟ್ಟಿಸಿಕೊಂಡರು.
ರಸೀದಿ ಬರೆದವನು ನಾನು.

ಒಂಬತ್ತನೆಯ ದಿನ ಹಸಲರ ಬೂದ
ಮುತ್ತುಗದೆಲೆಯ ಪೊಟ್ಟಣ ತಂದ.
ಭುಜಕ್ಕೆ ಬಿತ್ತಂತೆ ಈಡು. ಮಂಡಿಯೂರಿ, ಎದ್ದು,
ಕಾನಿನೊಳಗೆ ಹೋಯಿತಂತೆ.
ನಾಲ್ಕು ದಿನ ನಡೆಯಿತು ಅಂದ, ಹೆಜ್ಜೆ ಅಳೆದವನಂತೆ.
ಸಿಕ್ಕಿದಾಗ ತಿನ್ನೋ ಹಾಗಿರಲಿಲ್ಲ.
ಹಳ್ಳದ ನೀರಿಗೆ ಮೂತಿ ಇಟ್ಟಿತ್ತು.

ಪೊಟ್ಟಣದಲ್ಲಿ ಚಪ್ಪಟೆಯಾದ ಸೀಸ, ಸುಲಿದ ತಾಮ್ರ.
ತೂಗಿದೆ. ಮೂವತ್ತನಾಲ್ಕು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂದು
ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.
ತೂಕದಲ್ಲಿ ಕಳೆದದ್ದು ಎಲ್ಲಿ ಹೋಯಿತೆಂದು
ನನಗೆ ಗೊತ್ತಾಗದೆ ಇರುವುದಿಲ್ಲ.
ಅರವತ್ತೆರಡು ಗುಲಗಂಜಿ
ನಾಲ್ಕು ದಿನ ಕಾಡಿನಲ್ಲಿ ನಡೆದಿತ್ತು.
ಸಾಬರು ಆ ಪುಟದಲ್ಲಿ ಏನೂ ಬರೆಯಬೇಡ ಅಂದರು.

ಎರಡನೆಯ ಕಾನೂನು ಬಂದಾಗ ನಮಗೆ ಅಳು ಬರಲಿಲ್ಲ.
ಕಪಾಟು ಖಾಲಿಯಾಯಿತು, ಗ್ರೀಸಿನ ವಾಸನೆ ಮಾತ್ರ ಉಳಿಯಿತು.

ಮೊನ್ನೆ ಆಲೂರಿನಿಂದ ಆನೆ ಡಾಕ್ಟರು ಬಂದಿದ್ದರು,
ವನಮಾಲಾ ಅಂತ, ನನ್ನ ಮೊಮ್ಮಗಳ ವಯಸ್ಸು.
ಸೂಜಿ ಹಾರಿಸುವ ಕೋವಿಯ ವಾಷರು ಸವೆದಿತ್ತು,
ಸಾಬರ ಮೊಮ್ಮಗ ಬಿಚ್ಚಿ ಕುಳಿತಿದ್ದ.
ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದರು ಆಕೆ:
ಎಷ್ಟು ದೂರದಲ್ಲಿದೆ? ಎಷ್ಟು ತೂಕವಿರಬಹುದು? ಗಾಳಿ?
ನನ್ನ ಕಿವಿ ನೆಟ್ಟಗಾಯಿತು.

"ಮಲಗಿಸೋ ಮದ್ದು ಇದರಲ್ಲಿ ತಾತ," ಅಂದರು,
"ಕೆಲಸ ಮುಗಿದ ಮೇಲೆ ಕಿವಿಯ ನರಕ್ಕೆ
ಎಬ್ಬಿಸೋ ಮದ್ದು."

ಮದ್ದು ಅಂದರೆ ನಮ್ಮಲ್ಲಿ ಡಬ್ಬಗಟ್ಟಲೆ ಇತ್ತು.
ಎಬ್ಬಿಸುವ ಜಾತಿಯದು
ಯಾರೂ ಕೇಳಿಕೊಂಡು ಬರಲಿಲ್ಲ, ನಾವೂ ತರಿಸಲಿಲ್ಲ.

ಆ ಸೂಜಿ ಒಂದು ಗಳಿಗೆ ಕೊಡವ್ವ, ಅಂದೆ.
ತಕ್ಕಡಿ ಹಿಡಿದೆ, ಕೈ ಈಗ ನಡುಗುತ್ತದೆ.
ಡಬ್ಬಿಯ ಗುಲಗಂಜಿಯೆಲ್ಲ ಸುರಿದರೂ ಸಾಲಲಿಲ್ಲ,
ತಳದಲ್ಲಿದ್ದ ಆ ಸೀಸವನ್ನೂ ಹಾಕಿದೆ.
ಹೊರಗೆ ಜೀಪು ಹಾರ್ನ್ ಹೊಡೆಯಿತು.
ಮುಳ್ಳು ನಿಲ್ಲುವ ಮುಂಚೆಯೇ
ಆಕೆ ಸೂಜಿ ಎತ್ತಿಕೊಂಡು ಓಡಿದರು.