ಟವಲ್ ಇಲ್ಲದ ವ್ಯಾಪಾರ

ನಮ್ಮಪ್ಪ ಹಯ್ಯಾಳಪ್ಪ ದನದ ದಲಾಲಿ.
ಯಾದಗಿರಿ ಸಂತ್ಯಾಗ
ಎರಡು ಕೈ ಮ್ಯಾಲ ಒಂದು ಟವಲ್ ಹಾಸಿ
ಮೂವತ್ತು ವರ್ಷ ಹೊಟ್ಟಿ ಹೊರದ.
ಟವಲ್ ಕೆಳಗ ಒಂದು ಬೆರಳು ಹಿಡಿದರ ಒಂದು ಸಾವಿರ,
ಇಡೀ ಕೈ ಹಿಡಿದರ ಐದು,
ಅಂಗೈ ಕೆರೆದರ ಇನ್ನೂ ಜರಾ ಬಿಡು ಅಂತ.
ಮಾರಾವನ ಮಾರಿ ಆ ಕಡೆ, ಕೊಳ್ಳಾವನ ಮಾರಿ ಈ ಕಡೆ,
ನೋಡೋ ಮಂದಿಗೆ ಕಂಡಿದ್ದು
ಬಟ್ಟಿ ಕೆಳಗ ಒಂದು ಇಲಿ ಓಡ್ಯಾಡಿದಂಗ, ಅಷ್ಟ.

ಹಗ್ಗ ಹಿಡಕೊಂಡು ನಿಂತಿರತಿದ್ದೆ ನಾನು.
ಒಮ್ಮೆ ಕೇಳಿದೆ: ಎತ್ತಿಗೆ ಯಾಕ ಕೇಳಂಗಿಲ್ಲ?
ಅಪ್ಪ ಎಲಿ ಅಡಿಕಿ ಉಗುಳಿ ನಕ್ಕ:
"ಸಿಟ್ಟಿಲೆ ಕೈ ಜಗ್ಗಿಕೊಂಡಾವ
ಬರಿಗೈಲೆ ಮನಿಗೆ ಹೋಗತಾನ.
ಮೊದಲ ಇದು ಕಲಿ. ಎತ್ತಿನ ಮಾತು ಆಮ್ಯಾಲ."

ಆಮ್ಯಾಲ ನಾನು ಶಾಸಕ ಆದೆ,
ವಿರೋಧ ಪಕ್ಷದ ಮೂರನೇ ಸಾಲು,
ಮೈಕು ಕೆಟ್ಟ ಕುರ್ಚಿ.

ಮೊನ್ನಿ ಮಾರುಕಟ್ಟಿ ಬಿಲ್ಲು ಬಂತು.
ನಮ್ಮವರು ಸದನದ ಬಾವಿಗೆ ಇಳದರು
(ನಮ್ಮ ಕಡೆ ಬಾವಿಗೆ ಇಳದರ ಕೊಡ ತುಂಬಿಕೊಂಡು ಬರತಾರ,
ಅಲ್ಲಿ ಹಾಳಿ ಹರದು ಬರತಾರ)
ಹರದು, ಒದರಿ, ಹೊರಗ ನಡದರು.
ನಾನು ಕುಂತೆ.
ಎಲ್ಲಾರೂ ಎದ್ದಾಗ ಕುಂದ್ರೋದು ಎಷ್ಟು ಭಾರ
ಅನ್ನೋದು ಮೊಳಕಾಲಿಗೆ ಗೊತ್ತು.

ಹಿಂದಿನ ರಾತ್ರಿ ಮಂತ್ರಿ ಕರೆಸಿದ್ದರು.
ಬದಾಮಿ ಹಾಲು. ಮುಚ್ಚಿದ ಬಾಗಿಲು.
"ಏನ್ ಬೇಕು ಹೇಳಿ ಗೌಡ್ರೇ, ಇಲ್ಲೇ ಮುಗಿಸಿಬಿಡೋಣ."
ನಾನು ಗೌಡ ಅಲ್ಲ. ಅದು ಇರಲಿ.
ಅವರ ಕೈ ಮೇಜಿನ ಮ್ಯಾಲ ಹಂಗ ಸರಕೋತ ಬಂತು,
ನನಗ ಟವಲ್ ಕಂಡಿತು,
ಅಪ್ಪನ ಬೆವರಿನ ವಾಸನಿ ಸುದ್ದಾ.
"ನಾಳಿ ಸದನದಾಗ ಹೇಳತೀನ್ರಿ" ಅಂದು ಎದ್ದೆ.
ಹಾಲು ಮಾತ್ರ ಪೂರಾ ಕುಡದಿದ್ದೆ. ಚಲೋ ಇತ್ತು.

ಮರುದಿನ ಹೇಳಿದ್ದು ಕಡತದಾಗ ಐತಿ:
ಗುಳೆ ಹೋದವರ ಮಕ್ಕಳ ಹಾಸ್ಟೆಲು
ಆರು ತಿಂಗಳಿಗೆ ಕೀಲಿ ಬೀಳಬಾರದು,
ವರ್ಷಪೂರ್ತಿ ತೆಗೆದಿರಬೇಕು,
ಸೆಸ್ಸಿನ ರೊಕ್ಕದಾಗ ಅದಕ್ಕೊಂದು ಪಾಲು.
ಇದು ನಾ ತಗೊಂಡಿದ್ದು.
ಹಮಾಲರ ಕೂಲಿ ದರ ವರ್ತಕರು ಗೊತ್ತು ಮಾಡೋ
ಏಳನೇ ಕಲಮಿಗೆ ಅಡ್ಡ ಬರಂಗಿಲ್ಲ.
ಇದು ನಾ ಕೊಟ್ಟಿದ್ದು.
ಎರಡೂ ಬರಕೊಳ್ರಿ ಅಂದೆ.
ಬರಕೊಳ್ಳೋ ಹೆಣ್ಣುಮಗಳು ಒಮ್ಮೆ ತಲಿ ಎತ್ತಿ ನೋಡಿದಳು.

ಯಾದಗಿರಿ ಸ್ಟೇಷನ್ನಿನ್ಯಾಗ ಮುಂಜಾನಿ ಇಳದರ
ಹಾರ ಇಲ್ಲ, ಹಲಗಿ ಇಲ್ಲ.
ಚಂದ್ರಾಮ ನನ್ನ ಬ್ಯಾಗಿಗೆ ಕೈ ಹಾಕಲಿಲ್ಲ.
"ಎಷ್ಟಕ್ಕ ಮುಗೀತಣ್ಣಾ?" ಅಂದ,
ಕೈ ಚಾಚಿ, ಮ್ಯಾಲ ದಸ್ತಿ ಹಾಸಿ.
ಚಹಾದಂಗಡಿ ಮಂದಿ ನಕ್ಕರು.
ದಸ್ತಿ ತಗದು, ಮಡಚಿ, ಅವನ ಕಿಸೇದಾಗ ಇಟ್ಟೆ.
ಅವನ ಕೈ ಹಂಗ ಚಾಚಿಕೊಂಡ ಇತ್ತು.
ಹಿಡದು ಕುಲುಕಿದೆ. ಥಂಡ ಇತ್ತು.

ಗಂಜಿನ್ಯಾಗ ಲಾಲಸಾಬ ಕುಂತಿದ್ದ,
ತೊಗರಿ ಚೀಲ ಹೊತ್ತು ಹೊತ್ತು ಬಗ್ಗಿದ ಬೆನ್ನು.
ಗೆದ್ದ ದಿನ ನನ್ನ ಹೊತ್ತು ಕುಣದದ್ದೂ ಅದ ಬೆನ್ನು.
"ಏಳನೇ ಕಲಮು, ಖರೇನು?"
"ಖರೆ. ನಿಮ್ಮದು ಕೊಟ್ಟು ಹುಡುಗರದು ತಂದೀನಿ."
ಬಹಳ ಹೊತ್ತು ಸುಮ್ಮನಿದ್ದ.
ಗುಡ್ಡದ ನೆರಳು
ಒಂದೊಂದ ಅಂಗಡಿ ಬಿಟ್ಟು ಹಿಂದ ಸರೀತು.
"ನನ್ನ ಮೊಮ್ಮಗಳೂ ಆ ಹಾಸ್ಟೆಲಿನ್ಯಾಗ ಅದಾಳ,
ಅಕಿ ಅವ್ವ ಪುಣೇದಾಗ ಗಾರಿ ಹೊರತಾಳ.
ಆದರೂ ನನಗ ಒಂದು ಮಾತು ಕೇಳಬೇಕಿತ್ತು."

ನಾನು ಏನೂ ಅನ್ನಲಿಲ್ಲ.
ಅರ್ಧ ಚಹಾ ಬಸಿಗೆ ಸುರದು ನನ್ನ ಕಡೆ ಸರಸಿದ.
"ಮುಂದಿನ ಅಧಿವೇಶನಕ್ಕ ನಾನೂ ಬರತೀನಿ.
ಮ್ಯಾಲ ಗ್ಯಾಲರ್ಯಾಗ ಕುಂದರತೀನಿ.
ಅಲ್ಲಿಂದ ನಿನ್ನ ಕೈ ಕಾಣತಾವೇನು?"

ಗೊತ್ತಿಲ್ಲ ಅಂದೆ.
ಇಷ್ಟು ವರ್ಷದಾಗ
ಒಮ್ಮೆನೂ ನಾನು ಮ್ಯಾಲ ನೋಡಿಲ್ಲ.