ಹದಿನೇಳು ಕಂಬಗಳ ಲೆಕ್ಕ

ಬಂಟಕಲ್ಲಿನ ಇಳಿಜಾರಿನಲ್ಲಿ ಹದಿನೇಳು ಕಂಬ ನನ್ನ ಪಾಲಿಗೆ.
ಡೈರಿಯ ಮುಂದಿನ ಪುಟಗಳಲ್ಲಿ ಫ್ಯೂಸು, ಟ್ರಿಪ್ಪು, ಸಹಿ;
ಹಿಂದಿನ ಪುಟಗಳಲ್ಲಿ ಜೇಡ.
ಯಾರೂ ಕೇಳಿದ್ದಲ್ಲ. ಒಂದು ನಿರ್ನಾಲದಲ್ಲಿ
ಏಣಿ ಇಡುವಾಗ ಹಣೆಗೆ ತಾಗಿದ ನೂಲು
ಹರಿಯಲಿಲ್ಲ, ನನ್ನನ್ನೇ ಎಳೆದು ನೋಡಿತು.
ಅಂದಿನಿಂದ ಎಣಿಸುತ್ತೇನೆ.

ಸೋಣ: ಗೇರುಗಿಡದ ಬುಡದಲ್ಲಿ ಸಾಸಿವೆಯಷ್ಟು ಮರಿ,
ಇನ್ನೂರ ಹನ್ನೆರಡಾದ ಮೇಲೆ ಕಣ್ಣು ಸೋತಿತು.
ನಿರ್ನಾಲ: ತೊಂಬತ್ತು. ಉಳಿದವು ಎಲ್ಲಿ?
ಓತಿಕ್ಯಾತ, ಕಣಜ, ಒಂದು ರಾತ್ರಿಯ ಗಾಳಿಮಳೆ,
ಮತ್ತೆ ಅವೇ ಒಂದನ್ನೊಂದು.
ಬೊಂತೆಲ್: ನಲವತ್ತೊಂದು. ಎಲ್ಲ ಹೆಣ್ಣು, ಅಂಗೈಯಗಲ,
ತಂತಿಯಿಂದ ಗೇರುಕೊಂಬೆಗೆ, ಬಿಸಿಲು ಬಿದ್ದರೆ ಹಳದಿ ನೂಲು.
ಗಂಡುಗಳಿಗೆ ಬೇರೆ ಕಾಲಮ್ಮು, ಪೆನ್ಸಿಲಿನಲ್ಲಿ:
ಅಕ್ಕಿಕಾಳಿನಷ್ಟು, ಬಲೆಯಂಚಿಗೆ ನಾಲ್ಕೋ ಐದೋ,
ಅವಳು ಉಣ್ಣಲು ಕೂತ ಹೊತ್ತಿಗೇ ಹತ್ತಿರ ಹೋಗಬೇಕು.
ಮರುದಿನ ಎರಡು.

ಏಳನೇ ಕಂಬದ ಸೆವೆರಿನಾ ಬಾಯಿ ಗೇಟಿನಿಂದ ಕೂಗುತ್ತಾರೆ:
"ಅದನ್ನು ತೆಗೀಬೇಡಿ ಮಾರಾಯ್ರೆ,
ಸಂಜೆ ಬಾಗಿಲು ತೆರೆದಿಟ್ಟು ಕೂರುವುದು ಅದರ ಧೈರ್ಯದಲ್ಲಿ."
ಆಫೀಸಿನ ಆರ್ಡರು: ಬಲೆ, ಬಳ್ಳಿ, ಕೊಂಬೆ ತೆಗೆಯತಕ್ಕದ್ದು.
ಬಳ್ಳಿ ತೆಗೆದೆ. ಕೊಂಬೆ ಅರ್ಧ.

ಜಾರ್ದೆಯ ಒಂದು ರಾತ್ರಿ ಅವಳು ಇಳಿಯುತ್ತಾಳೆ.
ಒಮ್ಮೆ ಮಾತ್ರ ಕಂಡೆ, ಟಾರ್ಚಿನಲ್ಲಿ, ಲೈನ್ ಹೋದ ಹೊತ್ತು:
ಕೆಂಪು ಮಣ್ಣು ಕೆರೆದು ಕುಳಿ ಮಾಡಿದಳು,
ಮೊಟ್ಟೆಯ ಗಂಟಿಟ್ಟು ತರಗೆಲೆ ಎಳೆದು ಮುಚ್ಚಿದಳು,
ಮತ್ತೆ ಮೇಲೆ ಹತ್ತಿದಳು, ಖಾಲಿ ಚೀಲದ ಹಾಗೆ.
ಪೆರಾರ್ದೆ: ಸೊನ್ನೆ.
ಪುಯಿಂತೆಲ್, ಮಾಯಿ, ಸುಗ್ಗಿ, ಪಗ್ಗು,
ಸೊನ್ನೆ ಬರೆಯಲೂ ಹೋಗುವುದಿಲ್ಲ.
ಕಾಲ ಕೆಳಗೆ ಉಂಟು. ಅದು ಸೊನ್ನೆಯಲ್ಲ.

ಒಂದು ಕುಳಿಗೆ ಸಾವಿರ ಅಂತಿಟ್ಟರೂ
ಬೊಂತೆಲಿಗೆ ನಲವತ್ತು, ಮೂವತ್ತೆಂಟು, ನಲವತ್ತಮೂರು.
ನಮ್ಮ ಬಿಲ್ಲುಗಳೂ ಇಷ್ಟು ಸರಿ ಬರುವುದಿಲ್ಲ.

ಹೋದ ಬೇಸಗೆ ಲೇಔಟಿಗೆಂದು ಮಣ್ಣು ಬಿತ್ತು,
ಒಂಬತ್ತರಿಂದ ಹನ್ನೊಂದರ ಬುಡಕ್ಕೆ, ಮೊಣಕಾಲೆತ್ತರ.
ಸೋಣದಲ್ಲಿ ಅಲ್ಲಿ ಡ್ಯಾಶು ಎಳೆದೆ.
ನಿರ್ನಾಲದಲ್ಲಿ ಡ್ಯಾಶು.
ನಿನ್ನೆ, ಹತ್ತರ ಸ್ಟೇ ತಂತಿಗೂ
ಸೈಟು ಮಾರಾಟದ ಬೋರ್ಡಿಗೂ ನಡುವೆ
ಒಂದು. ನಡೆದು ಬಂದವಳೋ, ಗಾಳಿಗೆ ಬಂದವಳೋ.
ಒಂದು ಕಾಲು ಕಮ್ಮಿ.

ಪೆನ್ನಿನಲ್ಲೇ ಬರೆದೆ.
ಮುಂದಿನ ಪುಟಕ್ಕೆ ಬಂದು: ಹತ್ತನೇ ಕಂಬ, ದೋಷವಿಲ್ಲ.