ಇಲ್ಲಿ ಎಂದವನು ಅಲ್ಲಿ

ಸುಣ್ಣದ ಗೆರೆ ಎಳೆಯುವವನು ನಾನು.
ಮೊಗ್ರಾಲಿನ ಆಚೆ, ಕೊಯ್ಲು ಮುಗಿದ ಬೈಲಿನಲ್ಲಿ
ಕೂಳೆ ಸವರಿ, ಹಗ್ಗ ಬಿಗಿದು,
ತೂತು ಡಬ್ಬಿ ಅಲ್ಲಾಡಿಸುತ್ತ ಹಿಂದೆ ಹಿಂದೆ ನಡೆಯುತ್ತೇನೆ.
ಗೆರೆ ನನ್ನ ಮುಂದೆ ಹುಟ್ಟುತ್ತದೆ.
ಮುನ್ನೂರು ರೂಪಾಯಿ, ಎರಡು ಪರೋಟ,
ಗ್ಯಾಲರಿಯ ಕೆಳಗೆ ಕೂರಲು ಜಾಗ.

ಏಳು ಜನರ ಆಟ. ಮೊದಲೆಲ್ಲ
ಹಿಂದಿನವ ಹಿಂದೆ, ಮುಂದಿನವ ಮುಂದೆ,
ಬಂದ ಚೆಂಡನ್ನು ಒದ್ದು ಆಚೆ ದಾಟಿಸಿದರೆ
ಆ ದಿನದ ಕೂಲಿ ಮುಗಿದಂತೆ.
ಚನಿಯಪ್ಪ ಮಾಸ್ಟ್ರು ಬಂದವರೇ ಹೇಳಿದರಂತೆ:
"ಜಾಗ ಯಾರಪ್ಪನದ್ದೂ ಅಲ್ಲ ಮಕ್ಕಳೇ.
ಒಬ್ಬ ಬಿಟ್ಟಲ್ಲಿಗೆ ಹತ್ತಿರದವ ಹೋಗಲಿ,
ಅವನು ಬಿಟ್ಟಲ್ಲಿಗೆ ಇನ್ನೊಬ್ಬ.
ಚೆಂಡು ಮಾತ್ರ ಕಾಯಬಾರದು."

ನಿನ್ನೆ ಲೈಟಿನಡಿ ನೋಡಿದೆ.
ಅಂದುಞಿ ಎಡಬದಿಯಿಂದ ಹೊರಟ,
"ಇಂಚಿ!" ಎಂದ ಐತಪ್ಪ,
ಕೂಗು ಮುಟ್ಟುವಷ್ಟರಲ್ಲಿ ಅವನೇ ನಾಲ್ಕು ಮಾರು ಮುಂದೆ;
"ಇಙ್ಙೋಟ್ಟ್!" ಕುಂಞಂಬು, ಬೆನ್ನು ಮಾಡಿ ನಿಂತವ
ಹಿಮ್ಮಡಿಯಲ್ಲೊಂದು ತಟ್ಟು ತಟ್ಟಿ ಮಾಯ;
"ಹಾಂಗಾ, ಹಾಂಗಾ!" ಲಾನ್ಸಿ.
ಗೋಲಿಯಲ್ಲವೇನೋ ನೀನು, ನಡುಗೆರೆಯಲ್ಲಿ ಏನು ಕೆಲಸ?
"ಇಲ್ಲಿ" ಎಂದದ್ದು ಬಡಗಿ ನಾರ್ಣಾಚಾರಿಯ ಮಗ,
ವರ್ಷಕ್ಕೊಮ್ಮೆ ಬಾಯಿ ಬಿಡುವವ.

ನಾಲ್ಕು ಭಾಷೆಯ ಇಲ್ಲಿ,
ಒಂದೂ ಇದ್ದಲ್ಲಿ ಇರಲಿಲ್ಲ.
ಹುಣಿಯಲ್ಲಿ ಏಡಿಬಿಲ ಹುಡುಕುವ ನೀರಿನ ಹಾಗೆ
ಚೆಂಡು ಹೋದದ್ದು ಯಾರೂ ಇಲ್ಲದ ಕಡೆಗೆ.
ತಲುಪುವಾಗ ಅಲ್ಲಿ ಒಬ್ಬ ಇದ್ದ.

ಹೊಸದುರ್ಗದ ದೊಡ್ಡ ದೊಡ್ಡ ಆಳುಗಳು,
ಒಬ್ಬೊಬ್ಬನಿಗೆ ಒಬ್ಬನೆಂದು ಲೆಕ್ಕ ಹಾಕಿಕೊಂಡು ಬಂದವರು,
ಯಾರನ್ನು ಹಿಡಿಯಬೇಕೆಂದು ತಿಳಿಯದೆ
ತಮ್ಮತಮ್ಮೊಳಗೇ ಬೈದುಕೊಂಡರು.
ಅನೌನ್ಸ್ ಮಾಡುವ ಪೊಕ್ಕರ್
ಬ್ಯಾಕ್ ಎಂದ, ಫಾರ್ವರ್ಡ್ ಎಂದ,
ಕೊನೆಗೆ ಮೈಕು ಆರಿಸಲು ಮರೆತು
"ಪಡಚ್ಚೋನೇ" ಎಂದಷ್ಟೇ ಎಂದ.

ಮೂರು ಗೋಲು. ಮೂರೂ ಅಂಥವೇ.

ಸೋತೆವು, ಅದನ್ನೂ ಹೇಳಬೇಕಲ್ಲ.
ಕೊನೇ ನಿಮಿಷ, ಏಳೂ ಜನ ಆ ತುದಿಯಲ್ಲಿ,
ಲಾನ್ಸಿಯೂ. ಹೊಸದುರ್ಗದವನೊಬ್ಬ
ಇದ್ದ ಸಿಟ್ಟನ್ನೆಲ್ಲ ಸೇರಿಸಿ ಒದ್ದ.
ಖಾಲಿ ಬೈಲಿನಲ್ಲಿ ಚೆಂಡೊಂದೇ,
ಮೇಯಲು ಹೊರಟ ಕರುವಿನ ಹಾಗೆ ಅವಸರವಿಲ್ಲದೆ
ನನ್ನ ಗೆರೆ ದಾಟಿತು.
ಇಲ್ಲಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ.
ಮಾಸ್ಟ್ರು ಚಪ್ಪಾಳೆ ತಟ್ಟುತ್ತಿದ್ದರು,
ಯಾರಿಗೆಂದು ಗೊತ್ತಾಗಲಿಲ್ಲ.

ಬೆಳಿಗ್ಗೆ ಗೂಟ ಕೀಳಲು ಬಂದೆ.
ಅಂಚಿನ ಗೆರೆ ಹಾಗೇ ಇದೆ.
ನಡುಗೆರೆ, ಪೆನಾಲ್ಟಿ ಚೌಕ, ಹುಡುಕಿದರೂ ಇಲ್ಲ.
ಸುಣ್ಣವೆಲ್ಲ ಹುಡುಗರ ಬೂಟಿಗೆ ಹತ್ತಿ
ಅವರವರ ಮನೆಗೆ ನಡೆದುಹೋಗಿದೆ.
ಕುಂಬಳೆ ಬಸ್ಸಿನ ಮೆಟ್ಟಿಲ ಮೇಲೆ
ಒಂದು ಬಿಳಿ ಹಿಮ್ಮಡಿ.